ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ಹೇಗೆ ತಯಾರಾಗುತ್ತದೆ, ಹೇಗೆ ಆರಿಸಬೇಕು: ಸಮಗ್ರ ಮಾರ್ಗದರ್ಶಿ

ಟಂಗ್‌ಸ್ಟನ್ ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಅನ್ನುವ ಲೋಹಕ್ಕೆ ಇಂಗಾಲ ಸೇರಿ ಆದ ವಸ್ತು. ಅದರ ಉಂಗುರದ ಬಗ್ಗೆ ಎರಡು ಮಾತು ಕೇಳಿರುತ್ತೀರಿ. ಅದಕ್ಕೆ ಗೀರು ಬೀಳುವುದಿಲ್ಲ ಅನ್ನುವುದು ಒಂದು. ಕೆಳಗೆ ಬಿದ್ದರೆ ಒಡೆದುಹೋಗುತ್ತದೆ ಅನ್ನುವುದು ಇನ್ನೊಂದು. ಎರಡೂ ಹೆಚ್ಚುಕಡಿಮೆ ನಿಜ. ಅಷ್ಟು ಗಟ್ಟಿಯಾದದ್ದು ಒಡೆಯುವುದಾದರೂ ಹೇಗೆ ಅಂತ ಗೊಂದಲ ಆಗುತ್ತದೆ, ಅಲ್ವಾ?

ತಪ್ಪು ನಮ್ಮ ಮಾತಿನಲ್ಲೇ ಇದೆ. 'ಗಟ್ಟಿ' ಅನ್ನುವ ಒಂದೇ ಪದಕ್ಕೆ ನಾವು ಎರಡು ಕೆಲಸ ಕೊಟ್ಟಿದ್ದೇವೆ. ಗಾಜೂ ಗಟ್ಟಿ, ಹಗ್ಗವೂ ಗಟ್ಟಿ. ಗಾಜಿನ ಮೇಲೆ ಕಬ್ಬಿಣದ ಮೊಳೆ ಎಳೆದರೂ ಗೀರು ಏಳುವುದು ಕಷ್ಟ, ಆದರೆ ಕೈ ಜಾರಿದರೆ ಚೂರು. ಹಗ್ಗವನ್ನು ಬ್ಲೇಡಿನಿಂದ ಸುಲಭವಾಗಿ ಕತ್ತರಿಸಬಹುದು, ಆದರೆ ನೂರು ಸಲ ಎಸೆದರೂ ಅದಕ್ಕೇನೂ ಆಗದು. ಗೀರು ತಡೆಯುವ ಗುಣ ಬೇರೆ, ಪೆಟ್ಟು ತಡೆಯುವ ಗುಣ ಬೇರೆ. ಟಂಗ್‌ಸ್ಟನ್ ಕಾರ್ಬೈಡ್‌ಗೆ ಮೊದಲನೆಯದು ಅಪಾರ, ಎರಡನೆಯದು ಕಡಿಮೆ. ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಅದನ್ನು ಮಾಡುವ ರೀತಿಯಲ್ಲಿದೆ. ಆದ್ದರಿಂದ ಈ ಬರಹದಲ್ಲಿ ತಯಾರಿಕೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ಅರ್ಥವಾದರೆ ಯಾವ ಉಂಗುರ ಆರಿಸಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಹಂತ 1: ಇದು ನಿಮಗೆ ಹೊಂದುತ್ತದೆಯೇ?

ಈ ಉಂಗುರವನ್ನು ಒಮ್ಮೆ ಮಾಡಿದ ಮೇಲೆ ಹಿಗ್ಗಿಸಲು ಬರುವುದಿಲ್ಲ, ಕುಗ್ಗಿಸಲೂ ಬರುವುದಿಲ್ಲ. ಚಿನ್ನದ ಹಾಗೆ ಕತ್ತರಿಸಿ, ತುಂಡು ಸೇರಿಸಿ, ಬೆಸೆಯುವ ದಾರಿಯೇ ಇಲ್ಲ. ನಿಮ್ಮ ಮೈತೂಕ ಪದೇ ಪದೇ ಏರಿಳಿಯುತ್ತಿದ್ದರೆ, ಅಥವಾ ಬೆರಳು ಊದುವ ತೊಂದರೆ ಇದ್ದರೆ, ಎರಡು ಸಲ ಯೋಚಿಸಿ.

ತೂಕವೂ ಒಂದು ವಿಷಯ. ಬರೀ ಟಂಗ್‌ಸ್ಟನ್ ಲೋಹದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 19.3 ಗ್ರಾಂ, ಅಂದರೆ ಅಪ್ಪಟ ಚಿನ್ನದಷ್ಟೇ. ಉಂಗುರದಲ್ಲಿರುವ ಕಾರ್ಬೈಡ್ ಅಷ್ಟು ಭಾರವಲ್ಲ, ಆದರೂ 14ರಿಂದ 15ರ ಆಸುಪಾಸಿನಲ್ಲಿ ಇರುತ್ತದೆ. ಸ್ಟೀಲ್ ಸುಮಾರು 8, ಟೈಟೇನಿಯಂ ಸುಮಾರು 4.5. ಕೆಲವರಿಗೆ ಈ ಭಾರವೇ ಇಷ್ಟ. ಬೆರಳಲ್ಲಿ ಏನೋ ಬೆಲೆಬಾಳುವುದು ಇದೆ ಅನ್ನಿಸುತ್ತದೆ. ಇನ್ನು ಕೆಲವರಿಗೆ ವಾರ ಕಳೆಯುವುದರೊಳಗೆ ಸಾಕಾಗುತ್ತದೆ. ಸಾಧ್ಯವಾದರೆ ಕೊಳ್ಳುವ ಮೊದಲು ಯಾರದಾದರೂ ಉಂಗುರ ಹಾಕಿ ನೋಡಿ.

ಕಲ್ಲು ಕೂರಿಸಿದ ಉಂಗುರವೇ ಬೇಕು ಅನ್ನುವವರು ಬೇರೆ ಲೋಹ ನೋಡುವುದು ಒಳ್ಳೆಯದು. ಚಿನ್ನದಲ್ಲಾದರೆ ಸಣ್ಣ ಕೊಕ್ಕೆಗಳನ್ನು ಬಾಗಿಸಿ ಕಲ್ಲನ್ನು ಹಿಡಿಸುತ್ತಾರೆ. ಕಾರ್ಬೈಡ್ ಬಾಗುವುದೇ ಇಲ್ಲ. ಹಾಗಾಗಿ ಕಲ್ಲನ್ನು ಅಂಟಿನಿಂದ ಕೂರಿಸುತ್ತಾರೆ, ಇಲ್ಲವೇ ನಡುವೆ ಬೇರೆ ಲೋಹದ ಪಟ್ಟಿ ಇಟ್ಟು ಅದರಲ್ಲಿ ಕೂರಿಸುತ್ತಾರೆ. ಎರಡನೆಯದು ಪರವಾಗಿಲ್ಲ. ಬರೀ ಅಂಟಿನದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಂತ 2: ತಯಾರಿಕೆ ಅರ್ಥಮಾಡಿಕೊಳ್ಳಿ

ಟಂಗ್‌ಸ್ಟನ್ ಅನ್ನುವುದು ಸ್ವೀಡಿಷ್ ಪದ. 'ಭಾರದ ಕಲ್ಲು' ಅಂತ ಅರ್ಥ. 1783ರಲ್ಲಿ ಸ್ಪೇನಿನ ಎಲ್ಹುಯಾರ್ ಸೋದರರು, ಹುವಾನ್ ಹೊಸೆ ಮತ್ತು ಫೌಸ್ಟೊ, ಇದನ್ನು ಮೊದಲ ಬಾರಿಗೆ ಲೋಹವಾಗಿ ಬೇರ್ಪಡಿಸಿದರು. ಲೋಹಗಳಲ್ಲೆಲ್ಲ ಅತಿ ಹೆಚ್ಚು ಶಾಖಕ್ಕೆ ಕರಗುವುದು ಇದೇ: 3,422 ಡಿಗ್ರಿ ಸೆಲ್ಸಿಯಸ್. ಹಳೆಯ ಬಲ್ಬುಗಳ ತಂತಿಗೆ ಇದನ್ನೇ ಬಳಸಿದ್ದು ಆ ಕಾರಣಕ್ಕೆ.

ನಮ್ಮ ಉಂಗುರದ ಕಥೆ ಶುರುವಾಗುವುದೂ ಆ ಬಲ್ಬಿನಿಂದಲೇ. ಟಂಗ್‌ಸ್ಟನ್ನನ್ನು ಕೂದಲಿಗಿಂತ ತೆಳ್ಳಗಿನ ತಂತಿಯಾಗಿ ಎಳೆಯಲು ವಜ್ರದ ತೂತಿನ ಅಚ್ಚು ಬೇಕಾಗುತ್ತಿತ್ತು. ಅದು ತುಂಬ ದುಬಾರಿ. ಬದಲಿ ಹುಡುಕುತ್ತಿದ್ದ ಜರ್ಮನಿಯ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್, ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಸ್ವಲ್ಪ ಕೋಬಾಲ್ಟ್ ಪುಡಿ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡರು. 1923ರಲ್ಲಿ ಪೇಟೆಂಟ್ ಅರ್ಜಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ರುಪ್ ಕಂಪನಿ ಇದನ್ನು 'ವಿಡಿಯಾ' ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಅನ್ನುವ ಮಾತಿನ ಚುಟುಕು ರೂಪ ಅದು. ಇವತ್ತು ಗೋಡೆ ಕೊರೆಯುವ ಡ್ರಿಲ್ ಬಿಟ್ಟಿನ ತುದಿ, ಲೇತ್ ಮೇಲೆ ಸ್ಟೀಲ್ ಕೆತ್ತುವ ಟೂಲ್, ಬಾಲ್‌ಪಾಯಿಂಟ್ ಪೆನ್ನಿನ ತುದಿಯ ಗುಂಡು, ಎಲ್ಲದರಲ್ಲೂ ಇದೇ ವಸ್ತು. 1962ರಲ್ಲಿ ರಾಡೋ ಕಂಪನಿ ಡಯಾಸ್ಟಾರ್ ಕೈಗಡಿಯಾರದ ಹೊರಕವಚಕ್ಕೆ ಇದನ್ನು ಬಳಸಿತು. ಕಾರ್ಖಾನೆಯ ವಸ್ತು ಮೈಮೇಲಿನ ಒಡವೆಯೂ ಆಗಬಹುದು ಅಂತ ಜನರಿಗೆ ತೋರಿದ್ದು ಹೀಗೆ.

ಈಗ ಉಂಗುರಕ್ಕೆ ಬರೋಣ. ಇದನ್ನು ಎರಕ ಹೊಯ್ದು ಮಾಡುವುದಿಲ್ಲ. ಈ ಮಾತನ್ನು ಚೆನ್ನಾಗಿ ನೆನಪಿಡಿ. ಚಿನ್ನ, ಬೆಳ್ಳಿ, ಹಿತ್ತಾಳೆಯನ್ನು ಕರಗಿಸಿ ಅಚ್ಚಿಗೆ ಸುರಿಯಬಹುದು. ಕಾರ್ಬೈಡ್ ಕರಗಲು ಸುಮಾರು 2,800 ಡಿಗ್ರಿ ಬೇಕು. ಆದ್ದರಿಂದ ಕುಂಬಾರರ ದಾರಿ ಹಿಡಿಯಬೇಕು: ಪುಡಿ, ಅಚ್ಚು, ಹಸಿ ರೂಪ, ಆಮೇಲೆ ಬೆಂಕಿ.

ಮೊದಲು ಅದಿರು. ವುಲ್ಫ್ರಮೈಟ್ ಮತ್ತು ಶೀಲೈಟ್ ಅನ್ನುವ ಎರಡು ಖನಿಜಗಳಿಂದ ಟಂಗ್‌ಸ್ಟನ್ ಸಿಗುತ್ತದೆ. ರಾಸಾಯನಿಕ ಶುದ್ಧೀಕರಣ ಆದಮೇಲೆ ಟಂಗ್‌ಸ್ಟನ್ ಆಕ್ಸೈಡ್ ಅನ್ನುವ ಹಳದಿ ಅಥವಾ ನೀಲಿ ಬಣ್ಣದ ಪುಡಿ ಬರುತ್ತದೆ. ಅದನ್ನು ಹೈಡ್ರೋಜನ್ ಅನಿಲದಲ್ಲಿ ಕಾಯಿಸಿದರೆ ಆಮ್ಲಜನಕ ಹೊರಟುಹೋಗಿ ಬೂದು ಬಣ್ಣದ ಲೋಹದ ಪುಡಿ ಉಳಿಯುತ್ತದೆ. ಇದಕ್ಕೆ ಕಪ್ಪು ಮಸಿಯಂಥ ಇಂಗಾಲದ ಪುಡಿ ಬೆರೆಸಿ 1,400 ಡಿಗ್ರಿಗೂ ಹೆಚ್ಚಿನ ಶಾಖ ಕೊಡುತ್ತಾರೆ. ಒಂದು ಟಂಗ್‌ಸ್ಟನ್ ಪರಮಾಣುವಿಗೆ ಒಂದು ಇಂಗಾಲದ ಪರಮಾಣು ಸೇರಿ ಟಂಗ್‌ಸ್ಟನ್ ಕಾರ್ಬೈಡ್ ಆಗುತ್ತದೆ.

ಇಲ್ಲಿ ಲೆಕ್ಕ ತಪ್ಪಬಾರದು. ತೂಕದಲ್ಲಿ ಇಂಗಾಲ 6.13 ಶೇಕಡಾ ಇರಬೇಕು. ಜಾಸ್ತಿಯಾದರೆ ಒಳಗೆ ಪೆನ್ಸಿಲ್ ಕಡ್ಡಿಯಂಥ ಗ್ರಾಫೈಟ್ ಚುಕ್ಕೆಗಳು ಉಳಿಯುತ್ತವೆ. ಕಡಿಮೆಯಾದರೆ ಕಾಯಿಸುವಾಗ 'ಈಟಾ' ಅನ್ನುವ ಇನ್ನೊಂದು ರೂಪ ಹುಟ್ಟುತ್ತದೆ. ಅದು ಬಹಳ ಬೇಗ ಸಿಡಿಯುವಂಥದ್ದು. ಹೊರಗಿನಿಂದ ನೋಡಿದರೆ ಎರಡೂ ಕಾಣುವುದಿಲ್ಲ. ಒಂದೇ ಥರ ಹೊಳೆಯುವ ಎರಡು ಉಂಗುರಗಳಲ್ಲಿ ಒಂದು ಸಣ್ಣ ಪೆಟ್ಟಿಗೇ ಸೀಳಿ, ಇನ್ನೊಂದು ವರ್ಷಗಟ್ಟಲೆ ಬಾಳುವುದಕ್ಕೆ ಇಂಥ ಕಾರಣಗಳಿರುತ್ತವೆ. ಮಾರುವವರು ಬದಲಿ ಕೊಡುವ ವಾರಂಟಿ ಕೊಡುತ್ತಾರೆಯೇ ಅಂತ ಕೇಳಬೇಕಾದದ್ದು ಇದಕ್ಕೇ.

ಮುಂದಿನದು ಬೈಂಡರ್. ಬರೀ ಕಾರ್ಬೈಡ್ ಪುಡಿ ತಾನಾಗಿ ಅಂಟಿಕೊಳ್ಳುವುದಿಲ್ಲ. ಜಲ್ಲಿಕಲ್ಲಿಗೆ ಸಿಮೆಂಟ್ ಹೇಗೋ, ಕಾರ್ಬೈಡ್ ಕಣಗಳಿಗೆ ಒಂದು ಮೆದು ಲೋಹ ಹಾಗೆ. ಕಾರ್ಖಾನೆಯ ಟೂಲ್‌ಗಳಲ್ಲಿ ಅದು ಹೆಚ್ಚಾಗಿ ಕೋಬಾಲ್ಟ್, ಒಳ್ಳೆಯ ಉಂಗುರಗಳಲ್ಲಿ ನಿಕಲ್. ಸಾಮಾನ್ಯವಾಗಿ ಉಂಗುರದ ತೂಕದಲ್ಲಿ 85 ಶೇಕಡಾದ ಆಸುಪಾಸು ಕಾರ್ಬೈಡ್ ಇದ್ದು, ಉಳಿದದ್ದು ಹೆಚ್ಚಾಗಿ ಬೈಂಡರ್ ಇರುತ್ತದೆ. ಎರಡನ್ನೂ ಸ್ವಲ್ಪ ಮೇಣದ ಜೊತೆ ಒಂದು ಉರುಳುವ ಡ್ರಮ್ಮಿಗೆ ಹಾಕಿ, ಕಾರ್ಬೈಡ್ ಗುಂಡುಗಳ ನಡುವೆ ಗಂಟೆಗಟ್ಟಲೆ ಅರೆಯುತ್ತಾರೆ. ಪ್ರತಿ ಕಣದ ಸುತ್ತಲೂ ಬೈಂಡರ್ ಹತ್ತಬೇಕು. ಈ ಅರೆಯುವ ಕೆಲಸದಲ್ಲಿ ಅವಸರ ಮಾಡಿದರೆ ಬೈಂಡರ್ ಒಂದು ಕಡೆ ಗಂಟುಗಟ್ಟಿ ಇನ್ನೊಂದು ಕಡೆ ಬರಿದಾಗುತ್ತದೆ.

ಒಣಗಿದ ಪುಡಿಯನ್ನು ಉಂಗುರದ ಅಚ್ಚಿಗೆ ತುಂಬಿ, ಮೇಲಿಂದ ಕೆಳಗಿಂದ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಈಗ ಕೈಗೆ ಬರುವುದು ಹಸಿ ಉಂಗುರ. ಸೀಮೆಸುಣ್ಣದಷ್ಟೇ ನಾಜೂಕು. ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಬೇಕಾದ ಸೈಜಿಗಿಂತ ಇದು ತುಂಬ ದೊಡ್ಡದು ಕೂಡ. ಯಾಕೆಂದರೆ ಬೆಂದ ಮೇಲೆ ಅಡ್ಡಳತೆಯಲ್ಲೇ ಐದನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಘನಗಾತ್ರದ ಲೆಕ್ಕದಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಕುಲುಮೆ. ಮೊದಲು ಸಣ್ಣ ಶಾಖದಲ್ಲಿ ಮೇಣ ಆವಿಯಾಗಿ ಹೋಗಬೇಕು. ನಂತರ ಗಾಳಿ ತೆಗೆದ ಕುಲುಮೆಯಲ್ಲಿ 1,350ರಿಂದ 1,500 ಡಿಗ್ರಿಯವರೆಗೆ ಏರಿಸುತ್ತಾರೆ. ಇದಕ್ಕೆ ಸಿಂಟರಿಂಗ್ ಅನ್ನುತ್ತಾರೆ. ಆ ಶಾಖದಲ್ಲಿ ಕಾರ್ಬೈಡ್ ಕರಗುವುದಿಲ್ಲ. ಬೈಂಡರ್ ಮಾತ್ರ ಕರಗಿ, ಬತ್ತಿಗೆ ಎಣ್ಣೆ ಏರುವ ಹಾಗೆ, ಕಣಕಣಗಳ ಸಂದಿಗೆ ಹರಿಯುತ್ತದೆ. ಹರಿಯುತ್ತಾ ಕಣಗಳನ್ನು ಹತ್ತಿರ ಎಳೆಯುತ್ತದೆ. ನಡುವಿನ ತೂತುಗಳು ಮುಚ್ಚುತ್ತವೆ. ಸೀಮೆಸುಣ್ಣದಂತಿದ್ದದ್ದು ಸ್ಟೀಲನ್ನೇ ಕೆತ್ತುವ ವಸ್ತುವಾಗಿ ಹೊರಬರುತ್ತದೆ. ಇಡೀ ತಯಾರಿಕೆಯಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು.

ಸಾಣೆ ಹಿಡಿಯುವುದು ಕೊನೆಯ ಕೆಲಸ. ಈಗ ಇದನ್ನು ಕೆರೆಯಬಲ್ಲ ವಸ್ತುಗಳು ಬೆರಳೆಣಿಕೆಯಷ್ಟು. ವಜ್ರದ ಪುಡಿ ಹಾಕಿದ ಚಕ್ರದಲ್ಲಿ ಒಳಗಿನ ಸುತ್ತು, ಹೊರಗಿನ ಆಕಾರ, ಅಂಚು ತೀಡುತ್ತಾರೆ. ನಂತರ ವಜ್ರದ ಪೇಸ್ಟಿನಿಂದ ಪಾಲಿಶ್. ಬಣ್ಣದ ಕೋಟಿಂಗ್, ಲೇಸರ್ ಬರಹ, ಒಳಗೆ ಕೂರಿಸುವ ಮರ ಅಥವಾ ಕಾರ್ಬನ್ ಫೈಬರ್ ಪಟ್ಟಿ, ಇವೆಲ್ಲ ಇದಾದ ಮೇಲೆ.

ಗಟ್ಟಿತನದ ಗುಟ್ಟು ಇಲ್ಲಿಗೆ ಬಿಚ್ಚಿತು. ಗೀರು ತಡೆಯುವ ಗುಣವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಇದು ಸುಮಾರು 9. ವಜ್ರ 10, ಮರಳಿನಲ್ಲಿರುವ ಕ್ವಾರ್ಟ್ಜ್ 7. ನಮ್ಮ ಸುತ್ತಲಿನ ಧೂಳು ಮಣ್ಣೆಲ್ಲ ಹೆಚ್ಚಾಗಿ ಕ್ವಾರ್ಟ್ಜೇ ಆದ್ದರಿಂದ ದಿನನಿತ್ಯದ ಬಳಕೆಯಲ್ಲಿ ಗೀರು ಬೀಳುವುದು ಅಪರೂಪ. ಆದರೆ ಕಣಗಳು ಒಂದರ ಮೇಲೊಂದು ಜಾರಲಾರವು. ಚಿನ್ನಕ್ಕೆ ಪೆಟ್ಟು ಬಿದ್ದರೆ ಅದು ತಗ್ಗುತ್ತದೆ, ಬಾಗುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕಾರ್ಬೈಡ್‌ಗೆ ಬಾಗುವುದು ಗೊತ್ತಿಲ್ಲ. ಅದರ ಮುಂದಿರುವುದು ಎರಡೇ ದಾರಿ: ತಾಳಿಕೊಳ್ಳುವುದು ಅಥವಾ ಸೀಳುವುದು.

ಹಂತ 3: ಬೈಂಡರ್ ಯಾವುದು ಅಂತ ಕೇಳಿ

ಮಾರುವವರಿಗೆ ಒಂದೇ ಪ್ರಶ್ನೆ ಕೇಳಲು ಅವಕಾಶ ಇದ್ದರೆ ಇದನ್ನೇ ಕೇಳಿ. ಕೋಬಾಲ್ಟ್ ಬೈಂಡರ್ ಟೂಲ್‌ಗಳಿಗೆ ಬಹಳ ಒಳ್ಳೆಯದು, ಮೈಗೆ ಅಲ್ಲ. ಬೆವರಿನ ಉಪ್ಪು ಮತ್ತು ಆಮ್ಲ ಕೋಬಾಲ್ಟನ್ನು ನಿಧಾನವಾಗಿ ಕರಗಿಸುತ್ತವೆ. ಮೇಲ್ಮೈಯಲ್ಲಿ ಸಿಮೆಂಟ್ ಸವೆದು ಜಲ್ಲಿ ಮಾತ್ರ ಉಳಿದ ಹಾಗಾಗುತ್ತದೆ. ಹೊಳಪು ಮಂಕಾಗಿ ಬೂದು ಕಲೆಗಳು ಬರುತ್ತವೆ. ಕೋಬಾಲ್ಟ್ ಅಲರ್ಜಿ ಇರುವವರಿಗೆ ಚರ್ಮವೂ ಕೆಂಪಾಗುತ್ತದೆ. ಕ್ಲೋರಿನ್ ಹಾಕಿದ ಈಜುಕೊಳದ ನೀರು, ಬ್ಲೀಚ್, ಇವು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ.

ನಿಕಲ್ ಬೈಂಡರ್ ಬೆವರಿಗೆ ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಉಂಗುರಕ್ಕೆ ಅದೇ ಸರಿ. ಆದರೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. ಜಾಹೀರಾತುಗಳಲ್ಲಿ 'ಅಲರ್ಜಿ ಆಗುವುದೇ ಇಲ್ಲ' ಅಂತ ಬರೆದಿರುತ್ತಾರೆ. ನಿಕಲ್ ಅಂದರೆ ಲೋಹದ ಅಲರ್ಜಿಗಳಲ್ಲೇ ಅತಿ ಸಾಮಾನ್ಯವಾದದ್ದು. ಬೈಂಡರಿನಲ್ಲಿ ಬಿಗಿಯಾಗಿ ಕೂತ ನಿಕಲ್ ಕಡಿಮೆ ಹೊರಬರುತ್ತದೆ ನಿಜ, ಆದರೆ ಸೊನ್ನೆ ಅಲ್ಲ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಚರ್ಮಕ್ಕೆ ಬಹುಕಾಲ ತಾಗುವ ವಸ್ತುವಿನಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರಬಾರದು. ಈ ಮಿತಿಯೊಳಗೆ ಇದೆಯೇ ಅಂತ ಕೇಳಿ. ಬೆಲ್ಟಿನ ಬಕಲ್ಲಿಗೆ, ಅಗ್ಗದ ಓಲೆಗೆ ನಿಮ್ಮ ಚರ್ಮ ತುರಿಸುತ್ತದೆ ಎಂದಾದರೆ ಕಾರ್ಬೈಡ್ ಬಿಟ್ಟು ಟೈಟೇನಿಯಂ ಅಥವಾ ಪ್ಲಾಟಿನಂ ನೋಡಿ. ಚಂದಕ್ಕಾಗಿ ದಿನವೂ ತುರಿಕೆ ಸಹಿಸುವುದು ಬೇಡ.

'ಬಿಳಿ ಟಂಗ್‌ಸ್ಟನ್' ಅಂತ ಒಂದು ಬಗೆ ಮಾರುಕಟ್ಟೆಯಲ್ಲಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ನಿಜವಾದ ಟಂಗ್‌ಸ್ಟನ್ ಕಾರ್ಬೈಡ್‌ನ ಬಣ್ಣ ಸ್ವಲ್ಪ ಕಪ್ಪು ಬೆರೆತ ಬೂದು. ಬಿಳಿ ಬಗೆಯಲ್ಲಿ ಬಹಳಷ್ಟು ಸಲ ಟೈಟೇನಿಯಂ ಕಾರ್ಬೈಡ್ ಇರುತ್ತದೆ. ಅದು ಕೆಟ್ಟ ವಸ್ತು ಅಂತಲ್ಲ. ಆದರೆ ತೂಕ ತುಂಬ ಕಡಿಮೆ, ಹೆಸರು ಬೇರೆ. ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿರಲಿ.

ಹಂತ 4: ಸೈಜ್, ಅಳೆದೂ ಸುರಿದೂ

ಆಮೇಲೆ ಸರಿಮಾಡಿಸಿದರಾಯಿತು ಅನ್ನುವ ಮಾತೇ ಇಲ್ಲವಾದ್ದರಿಂದ ಈ ಹಂತಕ್ಕೆ ಒಂದು ವಾರ ಕೊಡಿ. ಬೆರಳು ದಿನವಿಡೀ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಚಳಿಯಲ್ಲಿ ಕುಗ್ಗುತ್ತದೆ, ಸೆಕೆಯಲ್ಲಿ, ವ್ಯಾಯಾಮದ ನಂತರ, ಉಪ್ಪು ಜಾಸ್ತಿ ತಿಂದ ಮೇಲೆ ಊದುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬೇರೆ ಬೇರೆ ದಿನ ಅಳೆಯಿರಿ. ಸಂಜೆಯ ಅಳತೆಗೆ ಜಾಸ್ತಿ ಬೆಲೆ ಕೊಡಿ.

ದಾರ ಸುತ್ತಿ ಅಳೆಯಬೇಡಿ. ದಾರ ಹಿಗ್ಗುತ್ತದೆ, ಚರ್ಮದೊಳಗೆ ಒತ್ತಿಕೊಳ್ಳುತ್ತದೆ. ಕಾಗದದ ಪಟ್ಟಿ ವಾಸಿ. ಕೊಳ್ಳುವ ಉಂಗುರದಷ್ಟೇ ಅಗಲದ ಅಳತೆ ಉಂಗುರಗಳ ಗೊಂಚಲು ಎಲ್ಲಕ್ಕಿಂತ ಒಳ್ಳೆಯದು. ಅಗಲ ಯಾಕೆ ಮುಖ್ಯ ಅಂದರೆ, 8 ಮಿಲಿಮೀಟರ್ ಅಗಲದ ಉಂಗುರ ಬೆರಳಿನ ಹೆಚ್ಚು ಮಾಂಸವನ್ನು ಒತ್ತುತ್ತದೆ. ಅದೇ ಸೈಜಿನ 4 ಮಿಲಿಮೀಟರ್ ಉಂಗುರ ಸಡಿಲ ಅನ್ನಿಸಿದರೂ ಇದು ಬಿಗಿ ಅನ್ನಿಸಬಹುದು.

ಸೈಜಿನ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಗೊಂದಲ ಬೇಡ ಎಂದಾದರೆ ಒಳಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಹೇಳಿ. ಐಎಸ್‌ಒ 8653 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಅದನ್ನೇ ಬಳಸುತ್ತದೆ. ಒಳಗಿನ ಅಡ್ಡಳತೆಯನ್ನು 3.14ರಿಂದ ಗುಣಿಸಿದರೆ ಸುತ್ತಳತೆ. ಅಮೆರಿಕದ ಸೈಜ್ 10 ಅಂದರೆ ಅಡ್ಡಳತೆ ಸುಮಾರು 19.8, ಸುತ್ತಳತೆ ಸುಮಾರು 62 ಮಿಲಿಮೀಟರ್. ಆ ಪದ್ಧತಿಯಲ್ಲಿ ಒಂದು ಸೈಜ್ ಹೆಚ್ಚಾದರೆ ಸುತ್ತಳತೆ ಎರಡೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ.

'ಕಂಫರ್ಟ್ ಫಿಟ್' ಅಂತ ಬರೆದಿದ್ದರೆ ಒಳಮೈ ಚಪ್ಪಟೆಯಾಗಿರದೆ ಸ್ವಲ್ಪ ಉಬ್ಬಿರುತ್ತದೆ. ಚರ್ಮಕ್ಕೆ ತಾಗುವ ಜಾಗ ಕಡಿಮೆ, ಗೆಣ್ಣು ದಾಟುವುದು ಸಲೀಸು. ದಿನವಿಡೀ ಹಾಕುವುದಾದರೆ ಇದನ್ನೇ ಆರಿಸಿ. ಇದು ಚಪ್ಪಟೆ ಉಂಗುರಕ್ಕಿಂತ ಸುಮಾರು ಅರ್ಧ ಸೈಜ್ ಸಡಿಲ ಅನ್ನಿಸುತ್ತದೆ. ಹಾಕುವಾಗ ಗೆಣ್ಣಿನಲ್ಲಿ ಸುಲಭವಾಗಿ ಜಾರಬೇಕು, ತೆಗೆಯುವಾಗ ಸ್ವಲ್ಪ ತಡೆಯಬೇಕು. ಕೈ ಕೆಳಗೆ ಮಾಡಿ ಒದರಿದಾಗ ತಾನಾಗಿ ಬೀಳಬಾರದು. ಈ ಉಂಗುರ ಕಲ್ಲಿನ ನೆಲಕ್ಕೆ ಬಿದ್ದರೆ ಏನಾಗುತ್ತದೆ ಅಂತ ಈಗ ನಿಮಗೆ ಗೊತ್ತಿದೆ.

ಹಂತ 5: ಆಕಾರ, ದಪ್ಪ, ಅಂಚು

ಬಾಳಿಕೆ ಮುಖ್ಯ ಅನ್ನುವವರಿಗೆ ನನ್ನ ಸಲಹೆ: ಹೊರಮೈ ಉಬ್ಬಿದ, ಅಂಚು ದುಂಡಗಿರುವ, 2 ಮಿಲಿಮೀಟರಿಗೆ ಕಡಿಮೆ ಇಲ್ಲದ ದಪ್ಪದ ಸಾದಾ ಉಂಗುರ. ಚೂಪು ಮೂಲೆ ಇದ್ದಲ್ಲಿ ಪೆಟ್ಟಿನ ಬಲವೆಲ್ಲ ಒಂದೇ ಬಿಂದುವಿಗೆ ಬಂದು ಕೂರುತ್ತದೆ. ಚಕ್ಕೆ ಏಳುವುದು ಅಲ್ಲಿಂದಲೇ. ವಜ್ರದ ಪಟ್ಟೆಗಳ ಹಾಗೆ ಕೆತ್ತಿದ ಮೂಲೆಮೂಲೆಯ ಉಂಗುರಗಳು ಬೆಳಕಿಗೆ ಚೆನ್ನಾಗಿ ಮಿನುಗುತ್ತವೆ, ಒಪ್ಪುತ್ತೇನೆ. ಆದರೆ ಕೈ ಬಾಗಿಲಿಗೆ, ಗೋಡೆಗೆ ತಾಗುವ ಕೆಲಸ ನಿಮ್ಮದಾದರೆ ಬೇಡ.

ನಡುವೆ ಸುತ್ತಲೂ ತೋಡು ಕೊರೆದು ಮರ, ಕಾರ್ಬನ್ ಫೈಬರ್, ಚಿಪ್ಪು ಕೂರಿಸಿದ ಉಂಗುರಗಳಲ್ಲಿ ಆ ಜಾಗದಲ್ಲಿ ಕಾರ್ಬೈಡ್ ತೆಳ್ಳಗಾಗಿರುತ್ತದೆ. ಜೊತೆಗೆ ಕೂರಿಸಿದ ವಸ್ತು ಅಂಟಿನ ಮೇಲೆ ನಿಂತಿರುತ್ತದೆ. ಸುತ್ತಲಿನ ಕಾರ್ಬೈಡ್ ಹೊಸದರಂತೆ ಉಳಿದರೂ ನಡುವಿನ ಮರ ನೀರು ಕುಡಿದು ಸೀಳುತ್ತದೆ. ಉಂಗುರದ ಆಯಸ್ಸು ಅದರ ಅತಿ ಮೆದು ಭಾಗದಷ್ಟೇ.

ಹಂತ 6: ಬಣ್ಣ ಮತ್ತು ಬರಹ

ಕಪ್ಪು, ಬಂಗಾರ, ನೀಲಿ ಬಣ್ಣ ಯಾವುದೂ ಕಾರ್ಬೈಡ್‌ನ ಸ್ವಂತದ್ದಲ್ಲ. ಪಿವಿಡಿ ಅನ್ನುವ ವಿಧಾನದಲ್ಲಿ, ಗಾಳಿ ತೆಗೆದ ಕೋಣೆಯೊಳಗೆ, ಆವಿಯಾದ ವಸ್ತುವನ್ನು ಮೇಲೆ ಪದರವಾಗಿ ಕೂರಿಸುತ್ತಾರೆ. ಬಂಗಾರದ ಬಣ್ಣಕ್ಕೆ ಹೆಚ್ಚಾಗಿ ಟೈಟೇನಿಯಂ ನೈಟ್ರೈಡ್. ಪದರ ತಾನೇ ಗಟ್ಟಿ, ಆದರೆ ದಪ್ಪ ಕೆಲವೇ ಮೈಕ್ರಾನ್. ಒಂದು ಕೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಅಂಚುಗಳಲ್ಲಿ ಮೊದಲು ಸವೆದು ಒಳಗಿನ ಬೂದು ಇಣುಕುತ್ತದೆ. 'ಗೀರು ಬೀಳದು' ಅನ್ನುವ ಭರವಸೆ ಒಳಗಿನ ಕಾರ್ಬೈಡ್‌ಗೆ ಸೇರಿದ್ದು, ಮೇಲಿನ ಬಣ್ಣಕ್ಕಲ್ಲ. ವಿದ್ಯುತ್ ಲೇಪನದಿಂದ ಬಂಗಾರ ಹತ್ತಿಸಿದ್ದಾದರೆ ಇನ್ನೂ ಬೇಗ ಹೋಗುತ್ತದೆ. ಹತ್ತು ವರ್ಷ ಒಂದೇ ಥರ ಕಾಣಬೇಕು ಅನ್ನುವವರು ಬಣ್ಣ ಹಾಕದ, ಕನ್ನಡಿಯಂತೆ ಪಾಲಿಶ್ ಮಾಡಿದ್ದನ್ನು ತೆಗೆದುಕೊಳ್ಳಿ. ಬ್ರಷ್ ಗೆರೆಗಳ ಮಂಕು ಫಿನಿಶ್ ಕೂಡ ಚೆನ್ನ.

ಹೆಸರು, ದಿನಾಂಕ ಬರೆಸುವುದಾದರೆ ಲೇಸರ್‌ನಿಂದ, ಒಳಭಾಗದಲ್ಲಿ, ಆಳ ಕಡಿಮೆ ಇರಲಿ. ಸಾಮಾನ್ಯವಾಗಿ ಬರೆಸಿದ ಉಂಗುರವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಸಾದಾ ಉಂಗುರ ತರಿಸಿ ಎರಡು ವಾರ ಹಾಕಿ ನೋಡಿ, ಸೈಜ್ ಖಾತ್ರಿಯಾದ ಮೇಲೆ ಬರೆಸಿ.

ಹಂತ 7: ಕೈಗೆ ಬಂದ ಮೇಲೆ ಪರೀಕ್ಷೆ

ಸ್ಟೀಲಿಗೆ ಬಣ್ಣ ಹಾಕಿ ಟಂಗ್‌ಸ್ಟನ್ ಅಂತ ಮಾರುವುದುಂಟು. ಕಂಡುಹಿಡಿಯಲು ಉಂಗುರವನ್ನು ಕೆರೆಯಬೇಕಾಗಿಲ್ಲ. ಒಡವೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ, 0.01 ಗ್ರಾಂವರೆಗೆ ತೋರಿಸುವಂಥದ್ದು, ಇದ್ದರೆ ಸಾಕು.

ಮೊದಲು ಉಂಗುರವನ್ನು ಹಾಗೇ ತೂಗಿ ಬರೆದಿಟ್ಟುಕೊಳ್ಳಿ. ಈಗ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ಉಂಗುರವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ, ಪೂರ್ತಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ಒದರಿ. ತಕ್ಕಡಿ ತೋರಿಸುವ ಅಂಕಿ ಉಂಗುರದ ಘನಗಾತ್ರ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಉದಾಹರಣೆಗೆ ಉಂಗುರ 16.2 ಗ್ರಾಂ, ನೀರಿನಲ್ಲಿ 1.11 ಬಂತು ಅಂದುಕೊಳ್ಳಿ. ಭಾಗಿಸಿದರೆ 14.6. ಅದು ಕಾರ್ಬೈಡ್. ಅದೇ ಗಾತ್ರದ ಸ್ಟೀಲ್ ಉಂಗುರ 9 ಗ್ರಾಂ ಸಹ ತೂಗದು. ಮರ ಮುಂತಾದವು ಕೂರಿಸಿದ ಉಂಗುರಕ್ಕೆ ಈ ಪರೀಕ್ಷೆ ಬೇಡ, ಲೆಕ್ಕವೂ ಸರಿಬರದು, ಮರವೂ ನೆನೆಯುತ್ತದೆ.

ಜೊತೆಗೆ ಒಂದು ಬಲವಾದ ಪುಟ್ಟ ಅಯಸ್ಕಾಂತ ತಾಗಿಸಿ. ಸಾಂದ್ರತೆ ಸರಿ ಬಂದು, ಅಯಸ್ಕಾಂತ ಜೋರಾಗಿ ಕಚ್ಚಿದರೆ ಬೈಂಡರ್ ಕೋಬಾಲ್ಟ್ ಇರುವ ಸಾಧ್ಯತೆ ಜಾಸ್ತಿ. ನಿಕಲ್ ಬೈಂಡರಿನ ಉಂಗುರ ಅಷ್ಟಾಗಿ ಅಂಟುವುದಿಲ್ಲ. ಕೊನೆಗೆ ಭೂತಗನ್ನಡಿಯಲ್ಲಿ ಅಂಚಿನ ಸುತ್ತ ನೋಡಿ. ಸೂಜಿಮೊನೆಯಷ್ಟು ತೂತು, ಕೂದಲೆಳೆಯ ಬಿರುಕು, ಚಕ್ಕೆ ಎದ್ದ ಜಾಗ ಕಂಡರೆ ವಾಪಸ್ ಕಳಿಸಿ. ಇವತ್ತಿನ ಕೂದಲೆಳೆ ಬಿರುಕೇ ನಾಳೆ ಎರಡು ತುಂಡಾಗುವುದು.

ಹಂತ 8: ಹಾಕಿಕೊಂಡ ಮೇಲೆ

ಬೆಚ್ಚಗಿನ ನೀರು, ಮೆದು ಸೋಪು, ಹತ್ತಿ ಬಟ್ಟೆ. ಇಷ್ಟೇ ಆರೈಕೆ. ಕೆಲವು ಸಲ ಹೊಳೆಯುವ ಮೈಮೇಲೆ ಕಪ್ಪು ಗೆರೆ ಕಂಡು ಗೀರು ಬಿತ್ತು ಅಂತ ಬೇಜಾರಾಗುತ್ತದೆ. ಬಹುತೇಕ ಸಲ ಅದು ಗೀರಲ್ಲ. ಬೇರೆ ಯಾವುದೋ ಮೆದು ಲೋಹಕ್ಕೆ ಉಜ್ಜಿದಾಗ ಆ ಲೋಹವೇ ಉಂಗುರಕ್ಕೆ ಹತ್ತಿಕೊಂಡಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ನೋಡಿ, ಹೋಗುತ್ತದೆ.

ಈ ಗುಣದ ಇನ್ನೊಂದು ಮುಖ ಯಾರೂ ಹೇಳುವುದಿಲ್ಲ. ನಿಮ್ಮ ಉಂಗುರಕ್ಕೆ ಗೀರು ಬೀಳದಿದ್ದರೂ ಅದು ಉಳಿದದ್ದಕ್ಕೆಲ್ಲ ಗೀರು ಹಾಕುತ್ತದೆ. ಪಕ್ಕದ ಬೆರಳಿನ ಚಿನ್ನದ ಉಂಗುರ, ಫೋನಿನ ಗಾಜು, ಕನ್ನಡಕ, ಕಾರಿನ ಬಣ್ಣ. ಚಿನ್ನದ ಉಂಗುರದ ಜೊತೆ ಒಂದೇ ಬೆರಳಿಗೆ ಎಂದೂ ಹಾಕಬೇಡಿ.

ಯಂತ್ರದ ಕೆಲಸ, ಏಣಿ ಹತ್ತುವುದು, ಭಾರ ಎತ್ತುವುದು, ವಿದ್ಯುತ್ ರಿಪೇರಿ, ಇವುಗಳಿಗೆ ಮೊದಲು ಉಂಗುರ ತೆಗೆದಿಡಿ. ಇದು ವಿದ್ಯುತ್ ಹರಿಯಬಿಡುತ್ತದೆ. ಯಾವುದಕ್ಕಾದರೂ ಸಿಕ್ಕಿಕೊಂಡರೆ ಬಾಗಿ ಬಿಟ್ಟುಕೊಡುವುದಿಲ್ಲ, ಬೆರಳಿನ ಚರ್ಮವನ್ನೇ ಎಳೆದುಬಿಡಬಹುದು. ಎಂಆರ್‌ಐ ಕೋಣೆಗೆ ಹೋಗುವ ಮೊದಲು ತೆಗೆಯಲೇಬೇಕು.

ಉಂಗುರ ಸಿಕ್ಕಿಕೊಂಡರೆ

'ಇದನ್ನು ಕತ್ತರಿಸಲು ಆಗುವುದಿಲ್ಲ, ಬೆರಳೇ ಹೋಗುತ್ತದೆ' ಅನ್ನುವ ಮಾತು ಸುಳ್ಳು. ಆಸ್ಪತ್ರೆಯ ಮಾಮೂಲಿ ಉಂಗುರ ಕತ್ತರಿ ಇದರ ಮೇಲೆ ಕೆಲಸ ಮಾಡುವುದಿಲ್ಲ, ಅಷ್ಟೇ. ಬಾಗದ ವಸ್ತುವನ್ನು ತೆಗೆಯಲು ಕತ್ತರಿಸಬೇಕಾಗಿಲ್ಲ, ಒಡೆದರೆ ಸಾಕು.

ಮೊದಲು ಸುಲಭದ ದಾರಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹತ್ತು ನಿಮಿಷ ಹಿಡಿಯಿರಿ. ತಣ್ಣೀರಿನಲ್ಲಿ ಅದ್ದಿ. ಸೋಪು ಹಚ್ಚಿ ತಿರುಗಿಸುತ್ತಾ ಎಳೆಯಿರಿ. ಬರದಿದ್ದರೆ ಲಾಕಿಂಗ್ ಪ್ಲೈಯರ್, ಅಂದರೆ ಹಿಡಿದ ಜಾಗದಲ್ಲೇ ಬಿಗಿಯಾಗಿ ನಿಲ್ಲುವ ಇಕ್ಕಳ ಬೇಕು. ಹತ್ತಿರ ಇರುವವರೆಲ್ಲ ಕಣ್ಣಿಗೆ ಕನ್ನಡಕ ಹಾಕಲಿ. ಇಕ್ಕಳದ ಬಾಯಿ ಉಂಗುರದ ಎರಡು ಬದಿಗೆ ಮೆಲ್ಲಗೆ ತಾಗುವಷ್ಟು ಹೊಂದಿಸಿ ಮುಚ್ಚಿ. ಬಿಚ್ಚಿ, ಹಿಂದಿನ ತಿರುಪನ್ನು ಸ್ವಲ್ಪ ಬಿಗಿ ಮಾಡಿ, ಮತ್ತೆ ಮುಚ್ಚಿ. ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಟಕ್ ಅಂತ ಸದ್ದು ಬರುತ್ತದೆ. ಉಂಗುರ ಸೀಳಿದೆ. ಬಿಡಿಬಿಡಿಯಾಗದಿದ್ದರೆ ಜಾಗ ಬದಲಿಸಿ ಇನ್ನೊಮ್ಮೆ. ಕಾರ್ಬೈಡ್ ಬಾಗುವುದಿಲ್ಲವಾದ್ದರಿಂದ ಒಡೆಯುವವರೆಗೂ ಬೆರಳಿನ ಮೇಲೆ ಒತ್ತಡ ಬೀಳುವುದಿಲ್ಲ. ತುಂಡುಗಳ ಅಂಚು ಬಲು ಚೂಪು, ಮೆಲ್ಲಗೆ ತೆಗೆಯಿರಿ. ಸುತ್ತಿಗೆಯಿಂದ ಹೊಡೆಯುವ ಯೋಚನೆ ಬೇಡವೇ ಬೇಡ.

ಸ್ಟೀಲ್, ಟೈಟೇನಿಯಂ, ಚಿನ್ನಕ್ಕೆ ಈ ಉಪಾಯ ಮಾಡಬೇಡಿ. ಅವು ಒಡೆಯದೆ ಬಾಗಿ ಬೆರಳನ್ನೇ ಹಿಸುಕುತ್ತವೆ. ಕಾರ್ಬೈಡ್ ಒಳಗೆ ಚಿನ್ನದ ಅಥವಾ ಸ್ಟೀಲಿನ ಒಳಪಟ್ಟಿ ಕೂರಿಸಿದ ಉಂಗುರವಾದರೆ ಹೊರಗಿನದು ಸೀಳಿದರೂ ಒಳಗಿನದು ಉಳಿಯುತ್ತದೆ, ಅದನ್ನು ಕತ್ತರಿಯಿಂದಲೇ ತೆಗೆಸಬೇಕು. ಬೆರಳು ನೀಲಿಯಾಗುತ್ತಿದ್ದರೆ ಅಥವಾ ಜೋಮು ಹಿಡಿದಿದ್ದರೆ ಮನೆಯಲ್ಲಿ ಪ್ರಯತ್ನಿಸುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೋದ ತಕ್ಷಣ ಉಂಗುರ ಯಾವುದರದ್ದು ಅಂತ ಹೇಳಿ. ಕತ್ತರಿ ಹಿಡಿದು ಸುಮ್ನೆ ಕಳೆಯುವ ಸಮಯ ಉಳಿಯುತ್ತದೆ.